ಕೋರ್ಸ್ ವೆಬ್‌ಸೈಟ್ ಮಾಡಬೇಕೇ? ಕ್ಲಾಸಿನ ಹಿಂದಿನ ಸಂಜೆಯ ಒಂದು ಪ್ರಶ್ನೆಯಿಂದ ಶುರು ಮಾಡಿ

ಪ್ರಶ್ನೆ: ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಬಿಎ ಮೊದಲ ವರ್ಷದಲ್ಲಿ 120 ಮಕ್ಕಳಿದ್ದಾರೆ. ಹೆಚ್ಚಿನವರು ಕನ್ನಡ ಮಾಧ್ಯಮದವರು. ಈಗ ವಾಟ್ಸಾಪ್ ಗ್ರೂಪಿನಲ್ಲಿ ನೋಟ್ಸ್ ಹಾಕುತ್ತಿದ್ದೇನೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಮೊದಲು ಪ್ರತಿ ಪತ್ರಿಕೆಗೂ ಒಂದು ವೆಬ್‌ಸೈಟ್ ಇರಲಿ ಎಂದು ಪ್ರಾಂಶುಪಾಲರು ಹೇಳಿದ್ದಾರೆ. ಇದರಿಂದ ಪಾಠಕ್ಕೆ ನಿಜವಾಗಿ ಉಪಯೋಗ ಇದೆಯೇ? ನೋಟ್ಸ್ ಎಲ್ಲಾ ಹಾಕಿಬಿಟ್ಟರೆ ಕ್ಲಾಸಿಗೆ ಯಾರು ಬರುತ್ತಾರೆ? ಮಕ್ಕಳ ಹತ್ತಿರ ಇರುವುದು ಮೊಬೈಲ್ ಮಾತ್ರ, ಹಳ್ಳಿಗಳಲ್ಲಿ ನೆಟ್‌ವರ್ಕ್ ಸರಿಯಿಲ್ಲ. ನನಗೆ ಕೋಡಿಂಗ್ ಬರುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ:

ಮೇಡಂ, ಉಪಯೋಗ ಇದೆ, ತುಂಬಾ ಇದೆ. ಆದರೆ ಅದು ನೋಟ್ಸ್ ಹಾಕುವುದರಿಂದ ಬರುವುದಿಲ್ಲ.

ನಾನೂ ಅರ್ಥಶಾಸ್ತ್ರದ ಮೇಷ್ಟ್ರೇ. ಮೊದಲ ಸಲ ಕೋರ್ಸ್ ಪುಟ ಮಾಡಿದಾಗ ಇದ್ದಬದ್ದ ಫೈಲುಗಳನ್ನೆಲ್ಲ ಅದರಲ್ಲಿ ತುಂಬಿದ್ದೆ. ಸಿಲಬಸ್, ಸ್ಲೈಡುಗಳು, ಪುಸ್ತಕಗಳ ಪಟ್ಟಿ, ಹಳೆಯ ಪ್ರಶ್ನೆಪತ್ರಿಕೆ, ಎಲ್ಲವೂ ಇತ್ತು. ಆ ಪುಟ ಇದ್ದದ್ದು ಮೂಡಲ್ ಎಂಬ, ಕೋರ್ಸ್ ಪುಟ ನಡೆಸುವ ತಂತ್ರಾಂಶದಲ್ಲಿ. ಯಾರು ಯಾವಾಗ ಏನನ್ನು ತೆರೆದರು ಎಂದು ಅದು ಲೆಕ್ಕ ಇಡುತ್ತದೆ. ಸೆಮಿಸ್ಟರ್ ಮುಗಿದ ಮೇಲೆ ಆ ಲೆಕ್ಕ ನೋಡಿ ಬೇಜಾರಾಯಿತು. ಮೂರು ತಿಂಗಳು ಆ ಕಡೆ ಯಾರೂ ತಲೆ ಹಾಕಿರಲಿಲ್ಲ. ಪರೀಕ್ಷೆಗೆ ಒಂದು ವಾರ ಇದ್ದಾಗ ಎಲ್ಲರೂ ಪ್ರಶ್ನೆಪತ್ರಿಕೆಗಳಿಗೆ ಮುಗಿಬಿದ್ದಿದ್ದರು, ಅಷ್ಟೇ. ನನ್ನ ಪಾಠವಂತೂ ಹಿಂದಿನ ವರ್ಷ ಹೇಗಿತ್ತೋ ಹಾಗೇ ಇತ್ತು.

ಮುಂದಿನ ವರ್ಷ ಒಂದೇ ಒಂದು ಕೆಲಸ ಸೇರಿಸಿದೆ. ವಾರಕ್ಕೊಮ್ಮೆ, ಹೊಸ ಪಾಠ ಶುರುವಾಗುವ ಹಿಂದಿನ ಸಂಜೆ, ಪುಟದಲ್ಲಿ ಒಂದು ಪ್ರಶ್ನೆ. ಮಕ್ಕಳು ಮೂರು ನಾಲ್ಕು ಸಾಲು ಬರೆಯಬೇಕು. ಬೆಳಿಗ್ಗೆ ಅದನ್ನು ಓದಿಕೊಂಡು ನಾನು ಕ್ಲಾಸಿಗೆ ಹೋಗಬೇಕು. ಪಾಠ ಬದಲಾಗಿದ್ದು ಆಗ.

ಒಂದು ಉದಾಹರಣೆಯನ್ನು ಪೂರ್ತಿ ಹೇಳುತ್ತೇನೆ, ನಿಮ್ಮದೇ ವಿಷಯದ್ದು. ಮರುದಿನ ಬೇಡಿಕೆಯ ಸ್ಥಿತಿಸ್ಥಾಪಕತ್ವದ, ಅಂದರೆ ಬೆಲೆ ಬದಲಾದಾಗ ಜನ ಕೊಳ್ಳುವ ಪ್ರಮಾಣ ಎಷ್ಟು ಬದಲಾಗುತ್ತದೆ ಎಂಬುದರ ಪಾಠ ಇತ್ತು. ಪುಟದಲ್ಲಿ ಹೀಗೆ ಬರೆದೆ: "ಬೆಲೆ ತೀರಾ ಬಿದ್ದಾಗ ಕೋಲಾರದ ಕಡೆ ರೈತರು ಟೊಮೆಟೊವನ್ನು ರಸ್ತೆ ಬದಿಗೆ ಸುರಿದು ಹೋಗುವುದನ್ನು ಟಿವಿಯಲ್ಲಿ ನೋಡಿದ್ದೀರಿ. ಬೆಲೆ ಇಳಿದರೆ ಜನ ಜಾಸ್ತಿ ಕೊಳ್ಳುತ್ತಾರೆ ಎಂದು ಕಳೆದ ವಾರ ಓದಿದೆವು. ಹಾಗಿದ್ದರೆ 40 ರೂಪಾಯಿ ಇದ್ದ ಕಿಲೋ ಟೊಮೆಟೊ 4 ರೂಪಾಯಿಗೆ ಬಂದಾಗ ನಿಮ್ಮ ಮನೆಯಲ್ಲಿ ಹತ್ತು ಪಟ್ಟು ಯಾಕೆ ಕೊಳ್ಳುವುದಿಲ್ಲ? ಪುಸ್ತಕ ನೋಡಬೇಡಿ. ತಪ್ಪಾದರೂ ಪರವಾಗಿಲ್ಲ, ನಿಮಗೆ ಅನಿಸಿದ್ದನ್ನು ಬರೆಯಿರಿ."

ಬಂದ ಉತ್ತರಗಳು ಹೆಚ್ಚುಕಮ್ಮಿ ಮೂರು ಬಗೆಯವು. "ಸಾರಿಗೆ ಎಷ್ಟು ಬೇಕೋ ಅಷ್ಟೇ ತಾನೇ ಸರ್, ಜಾಸ್ತಿ ತಂದರೆ ಕೊಳೆತು ಹೋಗುತ್ತೆ" ಎಂದು ಒಬ್ಬಳು ಬರೆದಿದ್ದಳು. ಸ್ಥಿತಿಸ್ಥಾಪಕತ್ವ ಎಂಬ ಪದವನ್ನೇ ಕೇಳದ ಹುಡುಗಿ ಆ ಪಾಠದ ತಿರುಳನ್ನು ಹೇಳಿಬಿಟ್ಟಿದ್ದಳು. ಎರಡನೆಯ ಬಗೆ: "ಬೆಲೆ ಇಳಿದಿದೆ ಅಂದರೆ ಬೇಡಿಕೆ ಕಮ್ಮಿಯಾಗಿದೆ ಅಂತ ಅರ್ಥ, ಅದಕ್ಕೇ ಯಾರೂ ಕೊಳ್ಳಲ್ಲ." ಇದನ್ನು ಬರೆದವರು ಬಹಳ ಮಂದಿ. ಮೂರನೆಯ ಬಗೆಯವರು ರೈತರ ಮನೆಯ ಮಕ್ಕಳು. ಕೀಳುವ ಕೂಲಿ, ಮಾರ್ಕೆಟ್ಟಿಗೆ ಸಾಗಿಸುವ ಬಾಡಿಗೆಯೂ ಹುಟ್ಟುವುದಿಲ್ಲ ಎಂದು ಲೆಕ್ಕ ಸಮೇತ ಬರೆದಿದ್ದರು. ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ. ಆದರೆ ಪೂರೈಕೆಯ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಆರಂಭ ಸಿಗುವುದಿಲ್ಲ. ಎತ್ತಿಟ್ಟುಕೊಂಡೆ.

ಎರಡನೆಯ ಉತ್ತರ ನೋಡಿ ನನಗೆ ಗಾಬರಿಯಾಯಿತು. ಹಿಂದಿನ ವಾರ ನಾನು ಬೋರ್ಡಿನ ಮೇಲೆ ಬೇಡಿಕೆ ರೇಖೆ ಬರೆದು, ಬೆಲೆ ಬದಲಾಗಿ ರೇಖೆಯ ಮೇಲೆಯೇ ಜರುಗುವುದು ಬೇರೆ, ಬೇರೆ ಕಾರಣಕ್ಕೆ ಬೇಡಿಕೆಯೇ ಬದಲಾಗಿ ರೇಖೆಯೇ ಪಕ್ಕಕ್ಕೆ ಸರಿಯುವುದು ಬೇರೆ ಎಂದು ವಿವರಿಸಿದ್ದೆ. ಎಲ್ಲರೂ ತಲೆಯಾಡಿಸಿದ್ದರು. "ಅರ್ಥ ಆಯ್ತಾ?" ಎಂದಾಗ "ಹೂಂ ಸರ್" ಎಂದಿದ್ದರು. ಆಗಿರಲಿಲ್ಲ. ಆ ಪ್ರಶ್ನೆ ಕೇಳದೇ ಹೋಗಿದ್ದರೆ ಅಡಿಪಾಯ ಇಲ್ಲದ ಕಡೆ ನಾನು ಗೋಡೆ ಎಬ್ಬಿಸುತ್ತಿದ್ದೆ.

ಮರುದಿನ ಮೊದಲ ಎರಡು ಉತ್ತರಗಳನ್ನು ಹೆಸರು ಹೇಳದೆ ಬೋರ್ಡಿನ ಮೇಲೆ ಬರೆದೆ. "ಇವೆರಡೂ ಒಟ್ಟಿಗೇ ಸರಿ ಇರೋಕೆ ಸಾಧ್ಯವಾ? ಪಕ್ಕದವರ ಜೊತೆ ಎರಡು ನಿಮಿಷ ಮಾತಾಡಿ" ಎಂದೆ. ಆವತ್ತಿನ ಗದ್ದಲ ನನಗೆ ಈಗಲೂ ನೆನಪಿದೆ. ವ್ಯಾಖ್ಯಾನ ಬರೆಸಲು ಹತ್ತು ನಿಮಿಷ ತೆಗೆದುಕೊಳ್ಳುತ್ತಿದ್ದವನು ಆವತ್ತು ಅದನ್ನು ಒಂದೇ ಸಾಲಿನಲ್ಲಿ ಮುಗಿಸಿದೆ. ಹುಡುಗಿ ಸಾರಿನ ಲೆಕ್ಕದಲ್ಲಿ ಅದನ್ನು ಆಗಲೇ ಹೇಳಿಯಾಗಿತ್ತು. ಉಳಿದ ಸಮಯವನ್ನೆಲ್ಲ ಬೇಡಿಕೆ ಮತ್ತು ಬೇಡಿಕೆಯ ಪ್ರಮಾಣ ಇವೆರಡರ ವ್ಯತ್ಯಾಸಕ್ಕೆ ಕೊಟ್ಟೆ.

ಈ ಉಪಾಯ ನನ್ನದಲ್ಲ. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಗ್ರೆಗರ್ ನೊವಾಕ್ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರು ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ಇದನ್ನು ರೂಢಿಗೆ ತಂದರು. ಅದಕ್ಕೆ ಜಸ್ಟ್ ಇನ್ ಟೈಮ್ ಟೀಚಿಂಗ್, ಅಂದರೆ ಸರಿಯಾದ ಹೊತ್ತಿಗೆ ಪಾಠ, ಎಂದು ಹೆಸರಿಟ್ಟರು. ಅವರ ವಿದ್ಯಾರ್ಥಿಗಳಲ್ಲಿ ಬಹಳಷ್ಟು ಜನ ಕೆಲಸ ಮಾಡಿಕೊಂಡು ಓದುವವರು, ಕ್ಲಾಸು ಮುಗಿದ ಕೂಡಲೇ ಹೊರಟುಬಿಡುವವರು. ಮೇಷ್ಟ್ರ ಕೋಣೆಗೆ ಬಂದು ಅನುಮಾನ ಕೇಳಲು ಅವರಿಗೆ ಪುರುಸೊತ್ತು ಇರಲಿಲ್ಲ. ಮೂರೂವರೆಯ ಬಸ್ಸು ಹಿಡಿಯಲು ಓಡುವ ನಿಮ್ಮ ಹಳ್ಳಿ ಮಕ್ಕಳ ಕಥೆಯೂ ಇದೇ ಅಲ್ವಾ? ವೆಬ್‌ಸೈಟಿನ ನಿಜವಾದ ಉಪಯೋಗ ಇರುವುದು ಇಲ್ಲಿ. ಕ್ಲಾಸಿನಲ್ಲಿ ಬಾಯಿ ಬಿಡದವರ ಮಾತು ನಿಮಗೆ ಮುಂಚೆಯೇ ತಲುಪುತ್ತದೆ.

ಇನ್ನು ಇದನ್ನು ನಡೆಸುವ ಬಗೆ. ಉತ್ತರ ಸರಿಯೋ ತಪ್ಪೋ ಎಂದು ಅಂಕ ಕೊಡಬೇಡಿ. ಅಂಕ ಇಟ್ಟ ಕೂಡಲೇ ಮಕ್ಕಳು ತಮಗೆ ಅನಿಸಿದ್ದನ್ನು ಬಿಟ್ಟು ಸರಿ ಉತ್ತರವನ್ನು ಎಲ್ಲಿಂದಲೋ ತಂದು ಅಂಟಿಸುತ್ತಾರೆ. ಬೇಕಿದ್ದರೆ ಆಂತರಿಕ ಮೌಲ್ಯಮಾಪನದಲ್ಲಿ ಬರೆದದ್ದಕ್ಕೆ ಮಾತ್ರ ಒಂದೆರಡು ಅಂಕ ಇಡಿ. ಚಾಟ್‌ಜಿಪಿಟಿ ಕೇಳಿ ಬರೆಯುವವರು ಇದ್ದೇ ಇರುತ್ತಾರೆ. "ಬೇಡಿಕೆಯ ನಿಯಮವನ್ನು ವಿವರಿಸಿ" ಎಂದು ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ ಬರುತ್ತದೆ. ಅವರ ಮನೆ, ಅವರ ಸಂತೆ, ಅವರೂರಿನ ಹಾಲಿನ ಡೈರಿ, ಅವರು ಓಡಾಡುವ ಬಸ್ಸು, ಇವುಗಳ ಬಗ್ಗೆ ಕೇಳಿ. ಆಗ ಸ್ವಂತ ಉತ್ತರ ಬರುತ್ತದೆ. ಭಾಷೆಯ ತಪ್ಪು ತಿದ್ದಬೇಡಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೂ ಒಪ್ಪಿಕೊಳ್ಳಿ, ಫೋನಿನಲ್ಲಿ ಹಾಗೇ ಬರೆದು ಅಭ್ಯಾಸ ಆಗಿರುತ್ತದೆ.

120 ಉತ್ತರ ಓದುವುದು ಹೇಗೆ ಎಂದು ಗಾಬರಿ ಬೇಡ. ತಿದ್ದುವುದಿಲ್ಲವಲ್ಲ, ಕಣ್ಣಾಡಿಸಿದರೆ ಸಾಕು. ನಾಲ್ಕೇ ಸಾಲಿನ ಉತ್ತರಗಳು. ಇಪ್ಪತ್ತು ಓದುವಷ್ಟರಲ್ಲಿ ಮೂರು ನಾಲ್ಕು ಗುಂಪುಗಳು ತಾವಾಗಿ ಕಾಣುತ್ತವೆ. ಒಟ್ಟು ಅರ್ಧ ಗಂಟೆಯ ಕೆಲಸ. ಒಂದನ್ನು ಮಾತ್ರ ತಪ್ಪಿಸಬೇಡಿ: ಬಂದ ಉತ್ತರಗಳಲ್ಲಿ ಎರಡನ್ನಾದರೂ ಮರುದಿನ ಕ್ಲಾಸಿನಲ್ಲಿ ಓದಲೇಬೇಕು. ಮೇಷ್ಟ್ರು ಓದುತ್ತಾರೆ ಎಂದು ಗೊತ್ತಾದರೆ ಮಕ್ಕಳು ಬರೆಯುತ್ತಾರೆ. ಎರಡು ವಾರ ನೀವು ಸುಮ್ನೆ ಬಿಟ್ಟರೆ ಮೂರನೆಯ ವಾರ ಉತ್ತರ ಬರುವುದಿಲ್ಲ.

ಈಗ ನಿಮ್ಮ ಎರಡನೆಯ ಪ್ರಶ್ನೆ, ನೋಟ್ಸ್ ಹಾಕಿದರೆ ಕ್ಲಾಸಿಗೆ ಯಾರು ಬರುತ್ತಾರೆ ಎಂಬುದು. ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯ ಎಂಐಟಿ 2001ರಲ್ಲಿ ತನ್ನ ಕೋರ್ಸುಗಳ ಸಾಮಗ್ರಿಯನ್ನೆಲ್ಲ ಜಗತ್ತಿಗೇ ಉಚಿತವಾಗಿ ಕೊಡುವುದಾಗಿ ಘೋಷಿಸಿತು. ಆಗಲೂ ಹಲವರು ಇದೇ ಮಾತು ಕೇಳಿದ್ದರು. ಅಲ್ಲಿಗೆ ಸೇರಲು ಬರುವವರೇನೂ ಕಡಿಮೆಯಾಗಲಿಲ್ಲ. ನಮ್ಮಲ್ಲಿ ಐಐಟಿಗಳು ಮತ್ತು ಐಐಎಸ್‌ಸಿ ಸೇರಿ 2003ರಲ್ಲಿ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ಯೋಜನೆ ಶುರು ಮಾಡಿದವು, 2017ರಲ್ಲಿ ಕೇಂದ್ರ ಸರ್ಕಾರದ ಕೋರ್ಸುಗಳ ತಾಣ ಸ್ವಯಂ ಬಂತು. ಒಳ್ಳೊಳ್ಳೆಯ ಪಾಠಗಳು ಉಚಿತವಾಗಿ ಸಿಗುತ್ತಿವೆ. ಆದರೂ ನಿಮ್ಮ ವಿದ್ಯಾರ್ಥಿಗೆ ನೀವು ಬೇಕು. ಕ್ಲಾಸಿನಲ್ಲಿ ನಡೆಯುವುದು ನೋಟ್ಸ್ ಬರೆಸುವುದು ಮಾತ್ರ ಆಗಿದ್ದರೆ ಮಕ್ಕಳು ಬರದೇ ಇರುವುದರಲ್ಲಿ ಅವರದ್ದೇನೂ ತಪ್ಪಿಲ್ಲ. ಇದನ್ನು ನಿಮಗೆ ನೋವಾಗಲಿ ಎಂದು ಹೇಳುತ್ತಿಲ್ಲ. 75 ಪರ್ಸೆಂಟ್ ಹಾಜರಾತಿಯ ನಿಯಮ ಮಕ್ಕಳನ್ನು ಬೆಂಚಿನ ತನಕ ತರುತ್ತದೆ, ಅಲ್ಲಿಂದ ಮುಂದಿನದು ನಮ್ಮ ಕೈಯಲ್ಲಿದೆ.

ನನಗೆ ಫಲ ಕೊಟ್ಟದ್ದು ಅರ್ಧ ಖಾಲಿ ಬಿಟ್ಟ ನೋಟ್ಸ್. ಪಾಠದ ಮೊದಲೇ ಹಾಕುವ ಪ್ರತಿಯಲ್ಲಿ ಶೀರ್ಷಿಕೆಗಳು, ಮುಖ್ಯ ಪದಗಳು, ಕೋಷ್ಟಕದ ಚೌಕಟ್ಟು ಇರುತ್ತವೆ. ರೇಖಾಚಿತ್ರದ ಜಾಗದಲ್ಲಿ ಎರಡು ಅಕ್ಷಗಳು ಮಾತ್ರ ಇರುತ್ತವೆ. ರೇಖೆಯನ್ನು ಕ್ಲಾಸಿನಲ್ಲಿ ಅವರೇ ಎಳೆಯಬೇಕು. ಮಕ್ಕಳು ಅದನ್ನು ಕಾಲೇಜು ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿಕೊಂಡು ಬರುತ್ತಾರೆ. ಬರೆದುಕೊಳ್ಳುವ ಹೊರೆ ಕಡಿಮೆಯಾಗಿ ಕೇಳುವುದಕ್ಕೆ ಪುರುಸೊತ್ತು ಸಿಗುತ್ತದೆ. ಪೂರ್ತಿ ನೋಟ್ಸನ್ನು ಘಟಕ ಮುಗಿದ ಮೇಲೆ ಹಾಕಿ. ಹುಷಾರಿಲ್ಲದೆ ತಪ್ಪಿಸಿಕೊಂಡವರಿಗೆ, ಸುಗ್ಗಿಯ ಸಮಯದಲ್ಲಿ ಹೊಲದ ಕೆಲಸಕ್ಕೆ ನಿಂತವರಿಗೆ ಅದು ಬೇಕು. ಮುಚ್ಚಿಡಬೇಡಿ.

ಕ್ಲಾಸು ಮುಗಿದ ಮೇಲೆ ಪುಟ ಮಾಡಬಹುದಾದ ಇನ್ನೊಂದು ಕೆಲಸ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಒಂದು ಸಣ್ಣ ಗದ್ಯಭಾಗ ಓದಲು ಕೊಟ್ಟರು. ಕೆಲವರು ಅದನ್ನು ಮತ್ತೊಮ್ಮೆ ಓದಿದರು. ಇನ್ನು ಕೆಲವರು ಹಾಳೆ ಮುಚ್ಚಿಟ್ಟು ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಓದಿದವರೇ ಮುಂದೆ: 81 ಪರ್ಸೆಂಟ್, ಬರೆದವರದ್ದು 75. ಒಂದು ವಾರ ಬಿಟ್ಟು ಕೇಳಿದರೆ ಲೆಕ್ಕ ತಿರುವುಮುರುವು. ಮತ್ತೆ ಓದಿದವರಿಗೆ 42 ಪರ್ಸೆಂಟ್ ನೆನಪಿತ್ತು, ನೆನಪು ಮಾಡಿಕೊಂಡು ಬರೆದವರಿಗೆ 56. ನೋಟ್ಸನ್ನು ಹತ್ತು ಸಲ ತಿರುವಿ ಹಾಕುವ ನಮ್ಮ ಮಕ್ಕಳಿಗೆ ಇದನ್ನು ತಿಳಿಸಿ ಹೇಳಬೇಕು.

ಹಾಗಾಗಿ ಪ್ರತಿ ವಾರದ ಕೊನೆಗೆ ಐದು ಪ್ರಶ್ನೆಗಳ ಒಂದು ಕ್ವಿಜ್ ಇಡಿ. ಮೂರು ಪ್ರಶ್ನೆ ಆ ವಾರದ ಪಾಠದ್ದು, ಉಳಿದ ಎರಡು ಪ್ರಶ್ನೆ ಮೂರು ವಾರ ಹಿಂದಿನ ಪಾಠದ್ದು. ಎಷ್ಟು ಸಲ ಬೇಕಾದರೂ ಮಾಡಬಹುದು, ಅಂಕ ಎಲ್ಲೂ ಸೇರುವುದಿಲ್ಲ ಎಂದು ಮೊದಲೇ ಹೇಳಿ. ತಪ್ಪು ಉತ್ತರ ಒತ್ತಿದಾಗ "ತಪ್ಪು" ಎಂದು ಬರೀ ಕೆಂಪು ಗುರುತು ಬರಬಾರದು. ಯಾಕೆ ತಪ್ಪು ಎಂದು ಎರಡು ಸಾಲು ಕಾಣಬೇಕು. ಆ ಎರಡು ಸಾಲು ಬರೆಯುವುದೇ ನಿಜವಾದ ಶ್ರಮ. ತಪ್ಪು ಆಯ್ಕೆಗಳನ್ನು ಎಲ್ಲಿಂದ ತರುವುದು? ಹಿಂದಿನ ಸಂಜೆಯ ಉತ್ತರಗಳಲ್ಲೇ ಸಿಗುತ್ತವೆ. "ಬೆಲೆ ಇಳಿದಿದೆ ಅಂದರೆ ಬೇಡಿಕೆ ಕಮ್ಮಿಯಾಗಿದೆ" ಎಂಬುದನ್ನು ನಾನು ಪ್ರತಿ ವರ್ಷವೂ ಒಂದು ಆಯ್ಕೆಯಾಗಿ ಇಡುತ್ತೇನೆ.

ಹಳೆಯ ಪ್ರಶ್ನೆಪತ್ರಿಕೆಗಳಿಗೆ ಮಕ್ಕಳು ಮುಗಿಬೀಳುತ್ತಾರೆ ಎಂದೆನಲ್ಲ. ಅದನ್ನೇ ಒಳ್ಳೆಯದಕ್ಕೆ ಬಳಸಿಕೊಳ್ಳಿ. ಪ್ರತಿ ಘಟಕದಿಂದ 5 ಅಂಕದ ಒಂದು ಪ್ರಶ್ನೆ ತೆಗೆದುಕೊಂಡು ನೀವೇ ಎರಡು ಉತ್ತರ ಬರೆಯಿರಿ. ಒಂದು 2 ಅಂಕ ಸಿಗುವಂಥದ್ದು, ಇನ್ನೊಂದು 4 ಅಂಕದ್ದು. ಪಕ್ಕದಲ್ಲಿ ಕಾರಣ ಬರೆಯಿರಿ: ಇಲ್ಲಿ ರೇಖಾಚಿತ್ರ ಇದೆ ಆದರೆ ಅಕ್ಷಗಳಿಗೆ ಹೆಸರಿಲ್ಲ, ಇಲ್ಲಿ ವ್ಯಾಖ್ಯಾನ ಸರಿ ಇದೆ ಆದರೆ ಉದಾಹರಣೆ ಬೇರೆಯದ್ದಕ್ಕೆ ಸೇರಿದ್ದು. ಒಳ್ಳೆಯ ಉತ್ತರ ಹೇಗಿರುತ್ತದೆ ಎಂದು ಎಷ್ಟೋ ಮಕ್ಕಳು ಒಮ್ಮೆಯೂ ನೋಡಿರುವುದಿಲ್ಲ. ಉತ್ತರಪತ್ರಿಕೆ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ, ಅಂಕ ಮಾತ್ರ ವಾಪಸ್ ಬರುತ್ತದೆ. ನನ್ನ ಪುಟದಲ್ಲಿ ಇವತ್ತಿಗೂ ಹೆಚ್ಚು ಓದುವವರು ಇರುವುದು ಈ ಜೋಡಿ ಉತ್ತರಗಳಿಗೇ.

ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಒಂದು ಪದಕೋಶವೂ ಇರಲಿ. ಪೂರೈಕೆ ಎಂದರೆ ಸಪ್ಲೈ, ಹಣದುಬ್ಬರ ಎಂದರೆ ಇನ್‌ಫ್ಲೇಶನ್. ಮುಂದೆ ಎಂಎ ಓದುವವರಿಗೂ ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಿಗೂ ಎರಡೂ ಬೇಕಾಗುತ್ತದೆ. ವಾರಕ್ಕೆ ಐದು ಪದವನ್ನು ಮಕ್ಕಳೇ ತಮ್ಮ ಮಾತಿನಲ್ಲಿ ಅರ್ಥ ಬರೆದು ಸೇರಿಸಲಿ, ನೀವು ನೋಡಿ ಒಪ್ಪಿಗೆ ಕೊಡಿ. ಮೂಡಲ್‌ನಲ್ಲಿ ಇದಕ್ಕೇ ಒಂದು ಸೌಲಭ್ಯ ಇದೆ.

ಮೊಬೈಲ್ ಮತ್ತು ನೆಟ್‌ವರ್ಕ್ ವಿಷಯಕ್ಕೆ ಬರೋಣ. ಇಲ್ಲಿ ನಮ್ಮ ಕಡೆಯ ಮೇಷ್ಟ್ರುಗಳಿಗೆ ಎದುರಾಗುವ ತೊಂದರೆಯೊಂದನ್ನು ಬಿಡಿಸಿ ಹೇಳಬೇಕು. ನಿಮ್ಮ ನೋಟ್ಸ್ ಬಹುಶಃ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಆಗಿರುತ್ತದೆ. ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣುತ್ತದೆ. ಅದೇ ವರ್ಡ್ ಫೈಲನ್ನು ವಿದ್ಯಾರ್ಥಿ ಫೋನಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚುಕ್ಕೆ, ಗೆರೆಗಳ ಕಲಸುಮೇಲೋಗರ. ಯಾಕೆಂದರೆ ಆ ಫೈಲಿನ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ. ಕನ್ನಡದ ರೂಪ ಕೊಡುತ್ತಿದ್ದದ್ದು ಆ ಫಾಂಟು. ಫಾಂಟು ಇಲ್ಲದ ಕಡೆ ಕನ್ನಡವೂ ಇಲ್ಲ. ಪಿಡಿಎಫ್ ಮಾಡಿದರೆ ನೋಡಲು ಸರಿ ಕಾಣುತ್ತದೆ. ಆದರೆ "ಹಣದುಬ್ಬರ" ಎಂದು ಹುಡುಕಿದರೆ ಸಿಗುವುದಿಲ್ಲ. ಕಣ್ಣು ಕಾಣದ ವಿದ್ಯಾರ್ಥಿಯ ಫೋನಿನಲ್ಲಿ ಪರದೆಯ ಬರಹವನ್ನು ಗಟ್ಟಿಯಾಗಿ ಓದುವ ಟಾಕ್‌ಬ್ಯಾಕ್ ಅದನ್ನು ಕನ್ನಡವಾಗಿ ಓದಲಾರದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಥ ಮಕ್ಕಳಿಗೂ ಸಮಾನ ಕಲಿಕೆಯ ಹಕ್ಕು ಕೊಟ್ಟಿದೆ. ಕಾಯ್ದೆ ಇರಲಿ ಬಿಡಲಿ, ನಮ್ಮ ಕ್ಲಾಸಿನ ಮಗುವೊಂದು ನಮ್ಮದೇ ನೋಟ್ಸ್ ಓದಲಾಗದೆ ಕೂರಬಾರದು.

ದಾರಿ ಸುಲಭವಿದೆ. ಇನ್ನು ಮುಂದೆ ಏನು ಟೈಪ್ ಮಾಡಿದರೂ ಯೂನಿಕೋಡ್‌ನಲ್ಲಿ, ಅಂದರೆ ಕನ್ನಡ ಅಕ್ಷರಗಳಿಗೇ ತಮ್ಮದೇ ಸಂಕೇತ ಇರುವ ವ್ಯವಸ್ಥೆಯಲ್ಲಿ, ಮಾಡಿ. ಹೊಸ ನುಡಿ ತಂತ್ರಾಂಶದಲ್ಲೇ ಆ ಆಯ್ಕೆ ಇದೆ. ಕೀಲಿಮಣೆಯ ಅಭ್ಯಾಸ ಬದಲಿಸಬೇಕಾಗಿಲ್ಲ. ಹಳೆಯ ಫೈಲುಗಳನ್ನು ಬದಲಾಯಿಸುವ ಉಚಿತ ಪರಿವರ್ತಕಗಳಿವೆ. ಬದಲಾಯಿಸಿದ ಮೇಲೆ ಒಮ್ಮೆ ಓದಲೇಬೇಕು. ಮುಖ್ಯವಾಗಿ ಅರ್ಕಾವತ್ತು ಮತ್ತು ಒತ್ತಕ್ಷರ ನೋಡಿ. "ಅರ್ಥಶಾಸ್ತ್ರ" ಎಂಬ ಪದದಲ್ಲಿ ಎರಡೂ ಇವೆ, ಅದೊಂದನ್ನು ಪರೀಕ್ಷಿಸಿದರೆ ಪರಿವರ್ತಕ ಎಷ್ಟು ನಂಬಿಕಸ್ಥ ಎಂದು ಗೊತ್ತಾಗುತ್ತದೆ. ಒಂದು ರಜೆಯಲ್ಲಿ ಮುಗಿಯುವ ಕೆಲಸ, ಮುಂದೆ ಪ್ರತಿ ವರ್ಷವೂ ಉಪಯೋಗಕ್ಕೆ ಬರುತ್ತದೆ.

ಕೈಬರಹದ ನೋಟ್ಸನ್ನು ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಹಾಕುವುದನ್ನು ಆದಷ್ಟು ನಿಲ್ಲಿಸಿ. ನಲವತ್ತು ಪುಟದ ಅಂಥ ಫೈಲು ಸುಲಭವಾಗಿ 30 ಎಂಬಿ ದಾಟುತ್ತದೆ. ಟೈಪ್ ಮಾಡಿದ ಅಷ್ಟೇ ಪುಟಗಳು ಸಾಮಾನ್ಯವಾಗಿ 1 ಎಂಬಿ ಒಳಗೆ ಮುಗಿಯುತ್ತವೆ. ವಿಡಿಯೊ ಬೇಕೆನಿಸಿದಾಗ ಮೊದಲು ಆಡಿಯೊ ಸಾಕೇ ಎಂದು ಯೋಚಿಸಿ. ಹತ್ತು ನಿಮಿಷದ ಮಾತನ್ನು 64 ಕೆಬಿಪಿಎಸ್‌ನಲ್ಲಿ ಉಳಿಸಿದರೆ 5 ಎಂಬಿ ಕೂಡ ಆಗುವುದಿಲ್ಲ. ಬಸ್ಸಿನಲ್ಲಿ ಕೂತು ಕೇಳಬಹುದು. ಪುಟ ಮಾಡಿದ ಮೇಲೆ ಅದನ್ನು ನಿಮ್ಮ ಕಂಪ್ಯೂಟರಿನಲ್ಲಿ ನೋಡಿ ಖುಷಿಪಡಬೇಡಿ. ಕ್ಲಾಸಿನಲ್ಲಿ ತೀರಾ ಹಳೆಯ ಫೋನ್ ಯಾರ ಹತ್ತಿರ ಇದೆಯೋ ಅವರ ಫೋನಿನಲ್ಲಿ ತೆರೆದು ನೋಡಿ.

ಗಡುವಿನ ವಿಷಯದಲ್ಲೂ ಸ್ವಲ್ಪ ಮೆತ್ತಗಿರಿ. ಬಹಳ ಹುಡುಗಿಯರ ಮನೆಯಲ್ಲಿ ಫೋನ್ ಒಂದೇ. ಅದು ಅಪ್ಪನದ್ದೋ ಅಣ್ಣನದ್ದೋ ಆಗಿರುತ್ತದೆ. ರಾತ್ರಿ 9 ಗಂಟೆಗೆ ಮುಗಿಯುವ ಗಡುವು ಅಂಥವರಿಗೆ ಆಗದ ಮಾತು. ಸಂಜೆ 5ಕ್ಕೆ ಪ್ರಶ್ನೆ ಹಾಕಿ ಬೆಳಿಗ್ಗೆ 9ರವರೆಗೆ ಬಿಟ್ಟರೆ ಕಾಲೇಜಿಗೆ ಬಂದು ಗೆಳತಿಯ ಫೋನಿನಲ್ಲಾದರೂ ಬರೆಯುತ್ತಾರೆ.

ಪುಟದ ಜೋಡಣೆ ವಾರದ ಲೆಕ್ಕದಲ್ಲಿ ಇರಲಿ. "ನೋಟ್ಸ್", "ವಿಡಿಯೊ", "ಅಸೈನ್‌ಮೆಂಟ್" ಎಂದು ಬೇರೆ ಬೇರೆ ಕಪಾಟು ಮಾಡಿದರೆ ಮಕ್ಕಳು ಕಳೆದುಹೋಗುತ್ತಾರೆ. ಈ ವಾರ ಏನು ಎಂಬುದು ಎಲ್ಲಕ್ಕಿಂತ ಮೇಲೆ ಇರಲಿ, ಹಳೆಯ ವಾರಗಳು ಕೆಳಗೆ. ಫೈಲಿನ ಹೆಸರು ನೋಡಿದರೆ ಒಳಗೇನಿದೆ ಎಂದು ತಿಳಿಯಬೇಕು. ಇನ್ನೊಂದು ಮಾತು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ (ಎನ್‌ಇಪಿ) ಸಿಲಬಸ್ ಬಂತು, 2024-25ರಿಂದ ರಾಜ್ಯದ ಹೊಸ ಪಠ್ಯಕ್ರಮ. ಹಳೆಯ ಸ್ಕೀಮಿನಲ್ಲಿ ಬಾಕಿ ಉಳಿಸಿಕೊಂಡವರು ಇನ್ನೂ ಪರೀಕ್ಷೆ ಬರೆಯುತ್ತಿರುತ್ತಾರೆ. ಪ್ರತಿ ಪ್ರಶ್ನೆಪತ್ರಿಕೆಯ ಮೇಲೂ ಯಾವ ಸ್ಕೀಮ್, ಯಾವ ವರ್ಷ ಎಂದು ಬರೆಯಿರಿ. ತಪ್ಪು ಸಿಲಬಸ್ ಓದಿಕೊಂಡು ಪರೀಕ್ಷೆಗೆ ಹೋದ ಮಗುವಿನ ಮುಖವನ್ನು ನಾನು ನೋಡಿದ್ದೇನೆ.

ವಾಟ್ಸಾಪ್ ಗ್ರೂಪನ್ನು ಮುಚ್ಚಬೇಡಿ. ಅದು ಗಂಟೆ ಬಾರಿಸಲು ಇರಲಿ: "ಪ್ರಶ್ನೆ ಹಾಕಿದ್ದೇನೆ, ನೋಡಿ" ಎಂಬ ಒಂದು ಸಾಲು ಮತ್ತು ಲಿಂಕು. ಫೈಲು ಮಾತ್ರ ಅಲ್ಲಿ ಬೇಡ. ಶುಭಾಶಯಗಳ ನಡುವೆ ಅದು ಮೇಲೆ ಹೋಗಿಬಿಡುತ್ತದೆ. ತಿಂಗಳು ಬಿಟ್ಟು ತೆರೆಯಲು ಹೋದರೆ ಮತ್ತೆ ಕಳಿಸಲು ಹೇಳಿ ಎನ್ನುತ್ತದೆ.

ಯಾವ ತಂತ್ರಾಂಶ ಎಂಬುದು ಜನ ಅಂದುಕೊಂಡಷ್ಟು ದೊಡ್ಡ ವಿಷಯವಲ್ಲ. ಕೋಡಿಂಗ್ ಯಾವುದಕ್ಕೂ ಬೇಕಿಲ್ಲ. ರಾಜ್ಯದ ವಿಶ್ವವಿದ್ಯಾಲಯ, ಕಾಲೇಜುಗಳ ಯುಯುಸಿಎಂಎಸ್ ಪೋರ್ಟಲ್ ಪ್ರವೇಶ, ಶುಲ್ಕ, ಪರೀಕ್ಷೆಯ ಕೆಲಸಕ್ಕೆ, ಪಾಠಕ್ಕಲ್ಲ. 2021ರಲ್ಲಿ ಸರ್ಕಾರಿ ಕಾಲೇಜುಗಳಿಗಾಗಿ ಬಂದ ಎಲ್‌ಎಂಎಸ್ (ಕಲಿಕೆ ನಿರ್ವಹಿಸುವ ತಂತ್ರಾಂಶ) ನಿಮ್ಮಲ್ಲಿ ಬಳಕೆಯಲ್ಲಿದ್ದರೆ ಅದನ್ನೇ ಹಿಡಿಯಿರಿ. ಇಲ್ಲದಿದ್ದರೆ ಗೂಗಲ್ ಕ್ಲಾಸ್‌ರೂಮ್ ಬೇಗ ಕೈಗೆ ಬರುತ್ತದೆ. ಕಾಲೇಜಿನಲ್ಲಿ ಕಂಪ್ಯೂಟರ್ ವಿಭಾಗದವರು ನೆರವಾದರೆ ಮೂಡಲ್ ಹಾಕಿಸಿ. ಅದು ಉಚಿತ, ಮುಕ್ತ ತಂತ್ರಾಂಶ. ಅದರ ಆ್ಯಪ್‌ನಲ್ಲಿ ಪಾಠ ಇಳಿಸಿಕೊಂಡು ನೆಟ್ ಇಲ್ಲದಾಗಲೂ ಓದಬಹುದು. ಅದನ್ನು 2002ರಲ್ಲಿ ಹೊರತಂದ ಮಾರ್ಟಿನ್ ಡೂಗಿಯಾಮಸ್ ಆಸ್ಟ್ರೇಲಿಯಾದ ಒಳನಾಡಿನಲ್ಲಿ ಬೆಳೆದವರು. ಸುತ್ತಮುತ್ತ ಶಾಲೆಯಿಲ್ಲದೆ ರೇಡಿಯೊದಲ್ಲಿ ಪಾಠ ಕೇಳಿ ಕಲಿತವರು. ದೂರದಲ್ಲಿರುವ ಮಗುವಿನ ಕಷ್ಟ ತಿಳಿದವರು ಮಾಡಿದ್ದು ಎಂದು ನನಗೆ ಅದರ ಮೇಲೆ ಅಭಿಮಾನ ಜಾಸ್ತಿ.

ಯಾವುದೇ ಆಗಲಿ, ಪುಟವನ್ನು ನಿಮ್ಮ ಸ್ವಂತ ಜಿಮೇಲ್‌ನಲ್ಲಿ ಮಾಡಬೇಡಿ, ಕಾಲೇಜಿನ ಖಾತೆಯಲ್ಲಿ ಮಾಡಿ. ನಿಮಗೆ ವರ್ಗಾವಣೆಯಾಗಬಹುದು. ಅತಿಥಿ ಉಪನ್ಯಾಸಕರು ಮುಂದಿನ ವರ್ಷ ಬೇರೆ ಕಾಲೇಜಿನಲ್ಲಿರಬಹುದು. ಮೇಷ್ಟ್ರು ಹೋದರೂ ಪುಟ ಉಳಿಯಬೇಕು.

ಕಾನೂನಿನ ಎರಡು ಮಾತು. ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಪಾಠದ ಸಲುವಾಗಿ ಮೇಷ್ಟ್ರು, ವಿದ್ಯಾರ್ಥಿಗಳು ಪ್ರತಿ ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. ಪುಸ್ತಕದ ಭಾಗಗಳನ್ನು ಜೆರಾಕ್ಸ್ ಮಾಡಿ ಕೊಡುವುದರ ವಿರುದ್ಧ ಪ್ರಕಾಶಕರು ಹೂಡಿದ ದೆಹಲಿ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ ಇದನ್ನು ಎತ್ತಿಹಿಡಿಯಿತು. ಹಾಗೆಂದು ಪ್ರಕಾಶಕರ ಇಡೀ ಪುಸ್ತಕವನ್ನು ಸ್ಕ್ಯಾನ್ ಮಾಡಿ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಹಾಕಬೇಡಿ. ಪಾಠಕ್ಕೆ ಬೇಕಾದ ಭಾಗ ಮಾತ್ರ ಸಾಕು, ಅದೂ ನಿಮ್ಮ ವಿದ್ಯಾರ್ಥಿಗಳು ಲಾಗಿನ್ ಆಗಿ ನೋಡುವ ಜಾಗದಲ್ಲಿ. ಬೇರೆಯವರ ವಿಡಿಯೊ ಇದ್ದರೆ ಲಿಂಕ್ ಕೊಡಿ. ಎರಡನೆಯದು, ಆಂತರಿಕ ಅಂಕಗಳ ಪಟ್ಟಿಯನ್ನು ಹೆಸರು, ನೋಂದಣಿ ಸಂಖ್ಯೆ ಸಮೇತ ಎಲ್ಲರಿಗೂ ಕಾಣುವಂತೆ ಹಾಕಲೇಬೇಡಿ. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗೇ ಕಾಯ್ದೆ ಬಂದಿದೆ. ಅದಕ್ಕಿಂತ ಮೊದಲು, ಕಡಿಮೆ ಅಂಕ ಬಂದ ಮಗುವಿನ ಮಾನ ದೊಡ್ಡದು. ಅವರವರ ಅಂಕ ಅವರವರಿಗೆ ಮಾತ್ರ ಕಾಣಲಿ.

ನ್ಯಾಕ್‌ಗೆ ಇದಿಷ್ಟೇ ಸಾಕಾಗುತ್ತದೆ. ವಾರವಾರದ ಪ್ರಶ್ನೆಗಳು, ಬಂದ ಉತ್ತರಗಳು, ಕ್ವಿಜ್ ಲೆಕ್ಕ, ಎಲ್ಲವೂ ದಿನಾಂಕದ ಸಮೇತ ತಾನಾಗಿ ಉಳಿದಿರುತ್ತದೆ. ತಂಡ ಬರುವ ಹಿಂದಿನ ವಾರ ಕೂತು ದಾಖಲೆ ಸೃಷ್ಟಿಸುವ ಸಂಕಟ ಇರುವುದಿಲ್ಲ.

ಶುರು ಮಾಡುವಾಗ ಒಂದೇ ಪತ್ರಿಕೆ, ಒಂದೇ ಸೆಮಿಸ್ಟರ್ ಹಿಡಿಯಿರಿ. ಮೊದಲ ತಿಂಗಳು ವಾರಕ್ಕೊಂದು ಪ್ರಶ್ನೆ ಮತ್ತು ಅರ್ಧ ಖಾಲಿ ನೋಟ್ಸ್, ಇಷ್ಟೇ. ಕ್ವಿಜ್, ಜೋಡಿ ಉತ್ತರ, ಪದಕೋಶ ಆಮೇಲೆ ಒಂದೊಂದಾಗಿ ಬರಲಿ. ಮೊದಲ ಸಲ 120ರಲ್ಲಿ ಹದಿನೈದು ಉತ್ತರ ಬಂದರೆ ಬೇಸರ ಬೇಡ, ಆ ಹದಿನೈದನ್ನು ಓದಿಕೊಂಡು ಕ್ಲಾಸಿಗೆ ಹೋಗಿ.

ಫೋನೇ ಇಲ್ಲದ ನಾಲ್ಕೈದು ಮಕ್ಕಳು ನಿಮ್ಮ ಕ್ಲಾಸಿನಲ್ಲೂ ಇರುತ್ತಾರೆ. ಅವರನ್ನು ಎದ್ದು ನಿಲ್ಲಿಸಿ ಕೇಳಬೇಡಿ, ನಾಚಿಕೆಯಿಂದ ಹೇಳುವುದಿಲ್ಲ. ನಾನು ಹಿಂದಿನ ದಿನ ಕ್ಲಾಸು ಮುಗಿಯುವಾಗಲೇ ಪ್ರಶ್ನೆಯನ್ನು ಬೋರ್ಡಿನ ಮೂಲೆಯಲ್ಲಿ ಬರೆದಿರುತ್ತೇನೆ. ಸ್ಟಾಫ್ ರೂಮಿನ ಬಾಗಿಲ ಬಳಿ ಒಂದು ರಟ್ಟಿನ ಡಬ್ಬ ಇಟ್ಟಿದ್ದೇನೆ. ಯಾರು ಬೇಕಾದರೂ ಚೀಟಿಯಲ್ಲಿ ಬರೆದು ಹಾಕಬಹುದು. ಬೆಳಿಗ್ಗೆ ಆ ಚೀಟಿಗಳನ್ನೂ ಫೋನಿನಲ್ಲಿ ಬಂದ ಉತ್ತರಗಳ ಜೊತೆಗೇ ಓದುತ್ತೇನೆ. ಸಾರಿನ ಲೆಕ್ಕ ಬರೆದ ಹುಡುಗಿಯ ಉತ್ತರ ಬಂದದ್ದು ಆ ಡಬ್ಬದಲ್ಲಿ.